ಶೆದ್ಲಿಯಾಳ ತಾರಸಿಯ ಮೇಲೆ ಮಳೆ ಸುರಿಸಲೋ ಬೇಡವೋ

೧

ಈ ಕಥೆಯನ್ನು ಮೋಡದಿಂದ ಶುರು ಮಾಡಬೇಕೋ ಮುನಿಸಿನಿಂದ ಶುರು ಮಾಡಬೇಕೋ ಎಂದು ಬೆಳಗಿನಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಮೋಡದಿಂದ ಶುರು ಮಾಡಿದರೆ ಹವಾಮಾನ ವರದಿ ಅಂದುಕೊಂಡು ನೀವು ಪುಟ ತಿರುವುತ್ತೀರಿ. ಮುನಿಸಿನಿಂದ ಶುರು ಮಾಡಿದರೆ ‘ಇವನೂ ಅಕ್ಕಪಕ್ಕದ ಮನೆ ಜಗಳ ಬರೆಯೋಕೆ ಕೂತನಲ್ಲಪ್ಪ’ ಎಂದು ಮೂಗು ಮುರಿಯುತ್ತೀರಿ. ನನಗೆ ಓದುಗರೆಂದರೆ ವಿಪರೀತ ಭಯ. (ಇರುವುದೇ ನಾಲ್ಕು ಜನ. ಅದರಲ್ಲಿ ಇಬ್ಬರು ನನ್ನ ನಾದಿನಿಯರು.)

ಮೊದಲ ಡ್ರಾಫ್ಟು ಹೀಗಿತ್ತು: ‘ಆಗಸ್ಟ್ ಕೊನೆಯ ಆ ಮಧ್ಯಾಹ್ನ ಕೈರವಾನಿನ ಆಕಾಶ ತನ್ನ ನೀಲಿಯನ್ನು ಕಳೆದುಕೊಂಡ ವಿಷಾದದಲ್ಲಿ...’

ಆಕಾಶಕ್ಕೆ ವಿಷಾದವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಹರಿದು ಹಾಕಿದೆ.

ಎರಡನೆಯ ಡ್ರಾಫ್ಟಿನಲ್ಲಿ ನೇರವಾಗಿ ಕಥಾನಾಯಕಿಯನ್ನೇ ಕರೆತಂದೆ. ಅವಳು ಬಂದವಳೇ ನನ್ನ ವಾಕ್ಯವನ್ನು ಮೇಲಿಂದ ಕೆಳಗೆ ನೋಡಿ, ‘ನಾನು ಸಾಯಂಕಾಲ ಈ ಬಟ್ಟೆ ಉಡಲ್ಲ’ ಅಂದಳು. ಅದೂ ಹೋಯಿತು.

ಆದ್ದರಿಂದ ಇದು ಮೂರನೆಯದು. ಸೀದಾ ವಿಷಯಕ್ಕೆ ಬರುತ್ತೇನೆ.

೨

ಇಲ್ಲಿ ಕೈರವಾನಿನಲ್ಲಿ ಖಾಲ್ತಿ ಶೆದ್ಲಿಯಾ ನನ್ನ ಪಕ್ಕದ ಮನೆಯವಳು. ಅವಳ ತಾರಸಿಗೂ ನನ್ನ ತಾರಸಿಗೂ ನಡುವೆ ಮೊಣಕಾಲೆತ್ತರದ ಗೋಡೆ. ಖಾಲ್ತಿ ಎಂದರೆ ಚಿಕ್ಕಮ್ಮ, ದೊಡ್ಡಮ್ಮ ಎರಡೂ ಆಗುತ್ತದೆ. ನಮ್ಮ ಓಣಿಗೆಲ್ಲ ಅವಳು ಖಾಲ್ತಿಯೇ. ಅರವತ್ತು ದಾಟಿದೆ, ದನಿಗಿನ್ನೂ ಮೂವತ್ತು. ಗಂಡ ಸೀ ಹಮ್ಮಾದಿ (‘ಸೀ’ ಎಂದರೆ ಶ್ರೀಯುತ) ಭೂಗೋಳದ ಮೇಷ್ಟರಾಗಿದ್ದು ನಿವೃತ್ತರಾದವರು. ಮಳೆಯ ವಿಷಯದಲ್ಲಿ ಅವರಿಗೆ ಟೀವಿಯೇ ದೇವರು.

ಬೇಸಿಗೆ ಮುಗಿಯುವ ಮುಂಚೆ ನಮ್ಮಲ್ಲಿ ಎಲ್ಲ ತಾರಸಿಗಳೂ ಉಗ್ರಾಣವಾಗುತ್ತವೆ. ಮೆಣಸಿನಕಾಯಿ ಸರ, ಟೊಮೇಟೊ ಹೋಳು, ಎಲ್ಲಕ್ಕಿಂತ ಹೆಚ್ಚಾಗಿ ಬಿಳಿ ದುಪ್ಪಟಿಗಳ ತುಂಬ ಕುಸ್ಕುಸ್. ಹೆಂಗಸರು ಗುಂಪಾಗಿ ಕೂತು, ಗೋಧಿ ರವೆಗೆ ನೀರು ಚಿಮುಕಿಸಿ, ಅಂಗೈಯಲ್ಲಿ ಉರುಳಿಸಿ ಉರುಳಿಸಿ, ಜರಡಿ ಹಿಡಿದು, ಹಬೆಯಲ್ಲಿಟ್ಟು, ಬಿಸಿಲಿಗೆ ಹರಡುತ್ತಾರೆ. ವರ್ಷದ ಊಟ ಅದು. ಅದರ ಮೇಲೆ ಒಂದು ಮಳೆ ಬಿದ್ದರೆ ಮುಗಿಯಿತು.

ಈಗ ಪ್ರಯಾಣದ ವಿಷಯ. ಅವುಸ್ಸು ಎನ್ನುವ ಕಡುಬೇಸಿಗೆ ಮುಗಿಯುವ ಮೊದಲು ಶೆದ್ಲಿಯಾ ಪ್ರತಿವರ್ಷ ತನ್ನ ಕುಸ್ಕುಸ್ಸಿನಲ್ಲಿ ಅರ್ಧ ಕಟ್ಟಿಕೊಂಡು ಮಹ್ದಿಯಾಕ್ಕೆ, ಕಡಲ ದಂಡೆಯಲ್ಲಿರುವ ತಂಗಿ ನಜೀಹಾಳ ಮನೆಗೆ, ಹೋಗುತ್ತಾಳೆ. ಇಬ್ಬರೂ ಉಟ್ಟ ಬಟ್ಟೆಯಲ್ಲೇ ಕೈ ಹಿಡಿದುಕೊಂಡು ನೀರಿಗಿಳಿಯುತ್ತಾರೆ. ಒಬ್ಬಳು ಕಣ್ಣು ಮುಚ್ಚಿ ನಿಂತರೆ ಇನ್ನೊಬ್ಬಳು ಅವಳ ತಲೆಯ ಮೇಲೆ ಹಾಯುವ ಅಲೆಗಳನ್ನು ಏಳರವರೆಗೆ ಎಣಿಸಬೇಕು. ಆಮೇಲೆ ಅದಲು ಬದಲು. ಹೀಗೆ ಮಾಡಿದರೆ ಚಳಿಗಾಲದಲ್ಲಿ ಮೂಳೆ ನೋಯುವುದಿಲ್ಲ ಎಂದು ನಂಬಿಕೆ. ಅವುಸ್ಸು ಮುಗಿದ ಮೇಲೆ ಮುಳುಗಿದರೆ ಅದು ಬರೀ ಸ್ನಾನ. ಮೊದಲ ಮಳೆ ಬಿತ್ತೆಂದರೆ ಅವುಸ್ಸು ಮುಗಿಯಿತೆಂದೇ ಲೆಕ್ಕ.

ಈ ವರ್ಷ ಇಬ್ಬರಿಗೂ ಮಾತಿಲ್ಲ.

೩ (ಜಗಳವನ್ನು ಎಷ್ಟು ಚಿಕ್ಕದಾಗಿ ಹೇಳಬಹುದೋ ಅಷ್ಟು ಚಿಕ್ಕದಾಗಿ)

ಜುಲೈಯಲ್ಲಿ ನಜೀಹಾಳ ಮಗನ ಮದುವೆ. ಕುಸ್ಕುಸ್ ಶೆದ್ಲಿಯಾಳ ಮನೆಯದು. ಬೀಗರ ಎದುರಿಗೆ ನಜೀಹಾ ಒಂದು ತುತ್ತು ಬಾಯಿಗಿಟ್ಟು, ‘ಈ ಸಲ ಸ್ವಲ್ಪ ಉಂಡೆಯುಂಡೆ ಆಗಿದೆ, ಅಲ್ವಾ? ಪಾಪ, ನಮ್ಮಕ್ಕನ ಅಂಗೈ ಸೋತಿದೆ’ ಅಂದಳು.

ಶೆದ್ಲಿಯಾ ಎದ್ದು ಅಡುಗೆಯವರ ಕಡೆ ಹೋಗಿ, ಹಬೆಯಾಡುತ್ತಿದ್ದ ಹಂಡೆಯನ್ನು ಹಾಗೇ ಗಾಡಿಗೆ ಹತ್ತಿಸಿಕೊಂಡು ಊರಿಗೆ ಬಂದುಬಿಟ್ಟಳು. ಬೀಗರು ಬರೀ ಸಾರು, ಮಾಂಸ ತಿಂದು ಎದ್ದರಂತೆ. ಆ ಹಂಡೆ ನಮ್ಮ ಓಣಿಯಲ್ಲಿ ಖಾಲಿಯಾಯಿತು. ನಾನೂ ಉಂಡೆ. (ಉಂಡೆಯುಂಡೆ ಆಗಿತ್ತೇ ಎಂದು ಮಾತ್ರ ಕೇಳಬೇಡಿ. ನನಗೆ ಈ ಓಣಿಯಲ್ಲಿ ಇನ್ನೂ ಬದುಕುವುದಿದೆ.)

೪

ಶುಕ್ರವಾರ, ತಾರಸಿಯ ಮೇಲೆ. ಗೋಡೆಯ ಈಚೆ ನಾನು ಬರೆಯುವಂತೆ ನಟಿಸುತ್ತಿದ್ದೇನೆ.

‘ಭಾನುವಾರ ಹೊರಡೋಣ್ವಾ?’ ಸೀ ಹಮ್ಮಾದಿ ಕೇಳಿದರು.

‘ಎಲ್ಲಿಗೆ?’

‘ಚಂದ್ರಲೋಕಕ್ಕೆ. ಎಲ್ಲಿಗೆ ಅಂದ್ರೆ ಏನೇ? ಮಹ್ದಿಯಾಕ್ಕೆ!’

‘ಕುಸ್ಕುಸ್ ಒಣಗಿಲ್ಲ.’

‘ಸೋಮವಾರನೂ ಇದೇ ಅಂದೆ.’

‘ಸೋಮವಾರ ಹಸಿ ಇತ್ತು. ಈಗ ಅರೆಹಸಿ.’

ಹಮ್ಮಾದಿ ಬಗ್ಗಿ ಒಂದು ಹಿಡಿ ತೆಗೆದು ಮೇಲಿಂದ ಸುರಿದರು. ಮರಳು ಸುರಿದಂತೆ ಸದ್ದಾಯಿತು. ‘ಇದು ಅರೆಹಸಿನಾ? ಇದನ್ನ ಹಾಕಿ ರಸ್ತೆ ಮಾಡಬಹುದು ಕಣೇ.’

‘ಸೀ ಹಮ್ಮಾದಿ, ನಿನಗೆ ನದಿ ಗೊತ್ತು, ಬೆಟ್ಟ ಗೊತ್ತು. ಕುಸ್ಕುಸ್ ತಂಟೆಗೆ ಬರಬೇಡ.’

‘ಆಯ್ತಮ್ಮ. ಅವಳಿಗೆ ಒಂದು ಫೋನಾದ್ರೂ ಮಾಡು.’

‘ಅವಳ ಬೆರಳೇನು ಮುರಿದು ಹೋಗಿದ್ಯಾ?’

ಹಮ್ಮಾದಿ ನನ್ನ ಕಡೆ ನೋಡಿದರು. ನಾನು ತಕ್ಷಣ ಏನೋ ಬರೆದೆ. ಏನು ಬರೆದೆನೆಂದರೆ, ‘ಪಾಪ.’

೫

ಮೋಡದ ಸಂಗತಿ ಇನ್ನೂ ಹೇಳಲಿಲ್ಲ, ನೋಡಿ. ಹೇಳುತ್ತೇನೆ. ಬೀದಿಯಲ್ಲಿ ಕಲ್ಲಂಗಡಿ ರಾಶಿ ತಗ್ಗಿದೆ, ಅಂಗಡಿಗಳ ಬಾಗಿಲಿಗೆ ಶಾಲೆಯ ಚೀಲಗಳು ನೇತುಬಿದ್ದಿವೆ. ಉಪ್ಪಿನ ಭರಣಿಯಲ್ಲಿ ಉಪ್ಪು ಹೆಪ್ಪುಗಟ್ಟಿದೆ. ಸಂಜೆಯ ಗಾಳಿ ಮೂಡಣದಿಂದ, ಕಡಲ ಕಡೆಯಿಂದ, ಸ್ವಲ್ಪ ತೇವವಾಗಿ ಬೀಸುತ್ತದೆ. ಶನಿವಾರ ಬೆಳಿಗ್ಗೆ ರೆಕ್ಕೆಯಿರುವ ಇರುವೆಗಳು ಗೋಡೆಯ ಸಂದಿಯಿಂದ ದಂಡು ದಂಡಾಗಿ ಹೊರಟವು.

ಸೀ ಹಮ್ಮಾದಿಯ ಟೀವಿ ಮಾತ್ರ ಇನ್ನೂ ವಾರ ಮಳೆಯಿಲ್ಲ ಅನ್ನುತ್ತಿತ್ತು. ಇರುವೆಗಳು ಟೀವಿ ನೋಡುವುದಿಲ್ಲವಲ್ಲ. ಓಣಿಯ ಹೆಂಗಸರು ಇರುವೆಗಳನ್ನು ನೋಡಿದರು. ಮಧ್ಯಾಹ್ನದೊಳಗೆ ಎಲ್ಲರ ತಾರಸಿ ಖಾಲಿ. ದುಪ್ಪಟಿ ಕೊಡವಿದರು, ಕುಸ್ಕುಸ್ ಭರಣಿ ಸೇರಿತು, ಮೆಣಸಿನಕಾಯಿ ಒಳಗೆ ಹೋಯಿತು.

ಒಂದು ತಾರಸಿಯ ಮೇಲೆ ಮಾತ್ರ ಬಿಳಿ ದುಪ್ಪಟಿಗಳು ಹರಡಿಯೇ ಇದ್ದವು.

ಕಥೆಗಾರನಿಗೆ ಇದಕ್ಕಿಂತ ಇನ್ನೇನು ಬೇಕು? ನಾನು ಪೆನ್ನು ಝಾಡಿಸಿ ‘ಮೊದಲ ಹನಿ’ ಎಂದು ಬರೆಯುವುದರಲ್ಲಿದ್ದೆ.

‘ಏಯ್!’

ಗೋಡೆಯಾಚೆ ಶೆದ್ಲಿಯಾ. ಸೊಂಟದ ಮೇಲೆ ಕೈ.

‘ನನ್ನ ಬಗ್ಗೆ ಏನೋ ಗೀಚ್ತಿದ್ದೀಯಂತೆ.’

‘ಸಣ್ಣ ಕಥೆ ಖಾಲ್ತಿ. ಒಂದು ಮಳೆ ಬೇಕಾಗಿತ್ತು ಅದಕ್ಕೆ.’

‘ಬೇಕಾದ್ರೆ ನಿನ್ನ ತಾರಸಿ ಮೇಲೆ ಸುರಿಸ್ಕೋ. ನನ್ನದರ ಮೇಲೆ ಒಂದು ಹನಿ ಬಿದ್ರೆ ನಿನ್ನ ಅಮ್ಮನ ಹತ್ರ ಹೇಳ್ತೀನಿ.’

(ನನಗೆ ನಲವತ್ತೆಂಟು ವರ್ಷ. ಆದರೂ ಪೆನ್ನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.)

‘ಹಾಗಾದ್ರೆ ಎತ್ತಿಡು ಖಾಲ್ತಿ. ಎಲ್ಲರೂ ಎತ್ತಿದ್ರು. ಇರುವೆ ನೋಡ್ಲಿಲ್ವಾ?’

‘ನೋಡ್ದೆ.’

‘ಮತ್ತೆ?’

ಅವಳು ದುಪ್ಪಟಿ ಎತ್ತದೆ ಮೂಡಣದ ಕಡೆ ಕತ್ತು ಚಾಚಿದಳು. ಆಗ ನನಗೆ ಹೊಳೆಯಿತು, ನನ್ನ ಕಥೆಗಿಂತ ಮೊದಲೇ ಅವಳಿಗೆ ಆ ಮಳೆ ಬೇಕಾಗಿತ್ತು. ತಾರಸಿಯ ಮೇಲೆ ಕುಸ್ಕುಸ್ ಹರಡಿದ ಹೆಂಗಸು ಮಳೆ ಬರಲಿ ಅಂತ ಕಾಯುವುದನ್ನು ನಮ್ಮ ಓಣಿಯಲ್ಲಿ ಯಾರೂ ನಂಬುವುದಿಲ್ಲ.

‘ಖಾಲ್ತಿ, ಒಂದು ವರ್ಷದ ಊಟ...’

‘ನೆನೀಲಿ ಬಿಡು,’ ಅಂದಳು. ದನಿ ಇಳಿದಿತ್ತು. ‘ಮಳೆ ಬಂತು ಅಂದ್ರೆ ಅವುಸ್ಸು ಮುಗೀತು. ಆಮೇಲೆ ಹೋಗೋ ಮಾತೇ ಇಲ್ಲ. ನಾನೂ ಸೋಲಲಿಲ್ಲ, ಅವಳೂ ಸೋಲಲಿಲ್ಲ. ತಪ್ಪನ್ನ ಮಳೆ ಮೇಲೆ ಹಾಕಿ ಕೂತ್ಕೋಬಹುದು.’ ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡಳು. ‘ಅಂಗೈ ಸೋತಿದೆ ಅಂದ್ಲಲ್ಲ. ಅವಳು ಇಷ್ಟುದ್ದ ಇದ್ದಾಗ ಅವಳ ಕೈ ಮೇಲೆ ಈ ಕೈ ಇಟ್ಟು ಉರುಳಿಸೋದು ಕಲಿಸಿದ್ದು ನಾನು. ಅಮ್ಮ ಆಗ ಇರಲಿಲ್ಲ.’

ನನಗೆ ತುಂಬ ಸಂಕಟವಾಯಿತು. ಪೆನ್ನಿನ ಮುಚ್ಚಳ ಹಾಕಿದೆ.

೬ (ಸಂಕಟವಾದಾಗ ನಾನು ಅಂತ್ಯಗಳನ್ನು ಹಂಚತೊಡಗುತ್ತೇನೆ. ಕೆಟ್ಟ ಚಟ.)

‘ಖಾಲ್ತಿ, ಮೂರು ಅಂತ್ಯ ಇದೆ ನನ್ನ ಹತ್ರ. ಯಾವುದು ಬೇಕೋ ತಗೋ.’

‘ಹೇಳು.’

‘ಒಂದು: ಮಳೆ ಸುರಿಯುತ್ತೆ. ನೆನೆದ ಕುಸ್ಕುಸ್ ನಡುವೆ ನೀನು ಕೂತು ಅಳ್ತೀಯಾ. ಪಶ್ಚಾತ್ತಾಪ.’

‘ಅಳೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೋ.’

‘ಎರಡು: ಮಹ್ದಿಯಾದ ದಂಡೆ. ಸೂರ್ಯ ಮುಳುಗ್ತಿದಾನೆ. ನಜೀಹಾ ಕೈ ಚಾಚಿ ಓಡಿ ಬರ್ತಾಳೆ...’

‘ನಜೀಹಾ ಓಡ್ತಾಳಾ!’ ಅವಳಿಗೆ ನಗು ತಡೆಯಲಾಗಲಿಲ್ಲ. ‘ಅವಳು ಮೆಟ್ಟಿಲು ಹತ್ತಿದ್ರೇ ಅಕ್ಕಪಕ್ಕದ ಮನೆಯೋರು ನೀರು ತಗೊಂಡು ಬರ್ತಾರೆ. ಅದೂ ಅಲ್ದೆ, ಅಲ್ಲಿ ಸೂರ್ಯ ಹುಟ್ಟೋದು ಕಡಲಲ್ಲಿ. ಮುಳುಗೋದು ಊರ ಹಿಂದೆ.’

‘ಮೂರು: ಸೀ ಹಮ್ಮಾದಿ ನಿನಗೆ ಹೇಳದೆ ನಜೀಹಾಗೆ ಫೋನ್ ಮಾಡಿ...’

‘ನನ್ನನ್ನ ಇದರೊಳಗೆ ಎಳೀಬೇಡಪ್ಪ,’ ಮೆಟ್ಟಿಲ ಕೆಳಗಿನಿಂದ ಹಮ್ಮಾದಿಯ ದನಿ ಬಂತು. ‘ನಾನು ಇದೇ ಮನೇಲಿ ಊಟ ಮಾಡಬೇಕು.’

ಮೂರೂ ಹೋದವು.

೭

ಆಗ ಫೋನು ಹೊಡೆದುಕೊಂಡಿತು. ಇದು ನಾನು ಬರೆದದ್ದಲ್ಲ, ದೇವರಾಣೆ. ನಾನು ಬರೆದಿದ್ದರೆ ಇಷ್ಟು ಸಲೀಸಾಗಿ, ಬೇಕಾದ ಹೊತ್ತಿಗೆ ಸರಿಯಾಗಿ ಹೊಡೆದುಕೊಳ್ಳುತ್ತಿರಲಿಲ್ಲ. ವಿಮರ್ಶಕರ ಭಯ ನನಗೂ ಇದೆ.

ಶೆದ್ಲಿಯಾ ಹೆಸರು ನೋಡಿದಳು. ಇನ್ನೊಮ್ಮೆ ನೋಡಿದಳು. ಎತ್ತಿದಳು.

ನಜೀಹಾ ಸಲಾಂ ಹೇಳಲಿಲ್ಲ. ಯೋಗಕ್ಷೇಮವಿಲ್ಲ. ಅವಳ ಗಂಟಲು ನನ್ನ ತಾರಸಿಗೂ ಕೇಳುವಂಥದು. ‘ಕುಸ್ಕುಸ್ ಎತ್ತು. ಇಲ್ಲಿ ಕಡಲ ಮೇಲೆ ಕಪ್ಪಾಗಿದೆ. ನಿಮ್ಮ ಕಡೆಗೇ ಹೊರಟಿದೆ.’

ಇದಕ್ಕೊಂದು ಕಟ್ಟಳೆಯಿದೆ. ತಾರಸಿಗೆ ಮಳೆ ಬರುತ್ತಿದೆ ಎಂದು ಕೂಗುವುದನ್ನು ನಮ್ಮಲ್ಲಿ ಮಾತಾಡಿದ್ದೆಂದು ಎಣಿಸುವುದಿಲ್ಲ. ಹತ್ತು ವರ್ಷದಿಂದ ಮುಖ ನೋಡದವರೂ ಕೂಗುತ್ತಾರೆ. ಕೂಗಿಸಿಕೊಂಡವರು ‘ದೇವರು ಒಳ್ಳೇದು ಮಾಡ್ಲಿ’ ಅಂತ ಹೇಳಿ ದುಪ್ಪಟಿ ಎತ್ತುತ್ತಾರೆ. ಅಷ್ಟೇ. ಮುನಿಸು ಇದ್ದಲ್ಲೇ ಇರುತ್ತದೆ. ನಜೀಹಾ ಕಟ್ಟಳೆ ಮೀರಿರಲಿಲ್ಲ. ಶೆದ್ಲಿಯಾ ಕೂಡ ಆ ಒಂದು ಮಾತು ಹೇಳಿ ಇಟ್ಟುಬಿಡಬಹುದಿತ್ತು.

‘ದೇವರು ಒಳ್ಳೇದು ಮಾಡ್ಲಿ,’ ಅಂದಳು.

ಇಡಲಿಲ್ಲ. ಆ ಕಡೆಯೂ ಇಡಲಿಲ್ಲ.

‘ಮುಳುಗಿ ಬಂದ್ಯಾ?’ ಶೆದ್ಲಿಯಾ ಕೇಳಿದಳು.

‘ಇಲ್ಲ.’

‘ಯಾಕೆ? ಕಡಲು ನಿನ್ನ ಬಾಗಿಲಲ್ಲೇ ಬಿದ್ದಿದ್ಯಲ್ಲ.’

‘ಕಣ್ಮುಚ್ಚಿದ್ರೆ ಎಣಿಸೋರು ಯಾರಿದ್ದಾರೆ ನನಗೆ?’

ಶೆದ್ಲಿಯಾ ಫೋನನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಅದನ್ನು ಬಾಯಿಗೆ ತಂದು, ಇಡೀ ಓಣಿಗೆ ಕೇಳುವಂತೆ ಬೈದಳು: ‘ಕತ್ತೆ! ಅಲ್ಲೇ ನಿಂತಿರು. ನಾನು ಬರೋ ತನಕ ನೀರಿಗೆ ಕಾಲಿಟ್ಟೆ ಅಂದ್ರೆ ನೋಡು!’

‘ಗಾಡಿ ನಿಧಾನಕ್ಕೆ ಓಡ್ಸು ಅಂತ ಹಮ್ಮಾದಿಗೆ ಹೇಳು,’ ಅಂದಳು ನಜೀಹಾ. ಅಳುತ್ತಿದ್ದಳು.

೮

ಇಲ್ಲಿಂದ ಮುಂದೆ ಕಥೆ ನನ್ನ ಕೈಯಲ್ಲಿಲ್ಲ.

‘ಹಮ್ಮಾದಿ! ಗಾಡಿ ತೆಗಿ!’

‘ಮೋಡ ಎದುರಿಗೇ ಬರ್ತಿದೆ ಕಣೇ!’

‘ನಾವೂ ಎದುರಿಗೇ ಹೋಗೋಣ!’

‘ಮತ್ತೆ ಕುಸ್ಕುಸ್?’

ಶೆದ್ಲಿಯಾ ಒಂದು ಬಟ್ಟೆಯ ಚೀಲಕ್ಕೆ ನಾಲ್ಕು ಬೊಗಸೆ ತುಂಬಿಕೊಂಡಳು. (‘ಉಂಡೆ ಎಲ್ಲಿದೆ ಅಂತ ಅವಳೇ ಹುಡುಕಿ ತೋರಿಸ್ಲಿ.’) ಉಳಿದ ಅಷ್ಟನ್ನೂ, ಆಮೇಲೆ ನನ್ನನ್ನೂ ನೋಡಿದಳು. ‘ಮಳೆ ಬೇಕಿತ್ತಲ್ಲ ಸಾಹೇಬರಿಗೆ?’ ಅಂದವಳೇ ದಡದಡ ಇಳಿದು ಹೋದಳು. ಗಾಡಿ ಕೆಮ್ಮಿತು, ಹೊರಟಿತು.

ಪ್ರಿಯ ಓದುಗರೇ, ಮಹ್ದಿಯಾದಲ್ಲಿ ಏನಾಯಿತು ಅಂತ ನನ್ನನ್ನು ಕೇಳಬೇಡಿ. ಗಾಡಿ ಮೊದಲು ತಲುಪಿತೋ ಮಳೆ ಮೊದಲು ಅವರನ್ನು ತಲುಪಿತೋ, ಗೊತ್ತಿಲ್ಲ. ಸುರಿಯುವ ಮಳೆಯಲ್ಲಿ ಮುಳುಗಿದರೆ ಅವುಸ್ಸಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ. ಓಣಿಯ ಮುದುಕಿಯರಲ್ಲೇ ಎರಡು ಪಕ್ಷವಿದೆ. ಅಂತ್ಯ ನೋಡಲು ನಾನು ಅಲ್ಲಿರಲಿಲ್ಲ. ಗೋಡೆ ಹಾರಿ ಶೆದ್ಲಿಯಾಳ ತಾರಸಿಯ ಮೇಲೆ ನಿಂತಿದ್ದೇನೆ, ಜೀವಮಾನದಲ್ಲಿ ಒಂದು ಜರಡಿ ಮುಟ್ಟದ ಗಂಡಸು, ಎಂಟು ದುಪ್ಪಟಿಗಳ ನಡುವೆ. ಮೂಡಣದಲ್ಲಿ ಕಪ್ಪು ಏರುತ್ತಿದೆ. ಬೆಳಗಿನಿಂದ ಮಳೆಗಾಗಿ ಪೆನ್ನು ಹಿಡಿದು ಕೂತವನು ಈಗ ‘ಇನ್ನೊಂದು ಸ್ವಲ್ಪ ಹೊತ್ತು, ಇನ್ನೊಂದು ಸ್ವಲ್ಪ ಹೊತ್ತು’ ಅಂತ ಆಕಾಶಕ್ಕೆ ಕೈ ಮುಗಿಯುತ್ತಿದ್ದೇನೆ. ಎರಡು ಮೂಲೆ ಹಿಡಿದರೆ ಇನ್ನೆರಡು ಜಾರುತ್ತವೆ. ಒಂದು ಕಡೆ ಮಡಚಿದರೆ ಇನ್ನೊಂದು ಕಡೆಯಿಂದ ಚೆಲ್ಲುತ್ತದೆ.

ನೀವು ಆಗಿನಿಂದ ಸುಮ್ಮನೆ ನೋಡುತ್ತ ನಿಂತಿದ್ದೀರಿ. ಕಥೆ ಮುಗಿಸುವುದನ್ನು ಆಮೇಲೆ ನೋಡಿಕೊಳ್ಳೋಣ. ಚಪ್ಪಲಿ ಅಲ್ಲೇ ಬಿಟ್ಟು ಬನ್ನಿ, ಆ ಕಡೆಯ ಎರಡು ಮೂಲೆ ಹಿಡಿಯಿರಿ. ಗಟ್ಟಿಯಾಗಿ. ಇದರಲ್ಲಿ ಅರ್ಧ ತಂಗಿಯ ಮನೆಗೆ ಹೋಗಬೇಕಾದ್ದು.