ನಿಂಬೆಹಣ್ಣು ಬಿದ್ದ ಸದ್ದು

ಮಗು ಬೆಚ್ಚಿಬೀಳಬಾರದು ಎಂದು ಎರ್ನಾಕುಳದ ಡಾಕ್ಟರು ಹೇಳಿದ ದಿನದಿಂದ ರಘುರಾಮನಿಗೆ ತನ್ನ ಜೀಪನ್ನು ಕಂಡರೇ ಹೆದರಿಕೆ ಶುರುವಾಯಿತು.

ಮಗು ಎಂದರೆ ಏಳು ವರ್ಷದ ವಿನೋದಾ. ಎರಡು ತಿಂಗಳು ಕಾಡಿದ ಕೀಲುನೋವಿನ ಜ್ವರ ಹೋಗುವಾಗ ಸುಮ್ಮನೆ ಹೋಗದೆ ಅವಳ ಹೃದಯವನ್ನು ಮುಟ್ಟಿ ಹೋಗಿತ್ತು. ಓಡಬಾರದು, ಮೆಟ್ಟಿಲು ಹತ್ತಬಾರದು, ಬೆಚ್ಚಬಾರದು. ಗುರುವಾರ ತಿರುವನಂತಪುರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿಯ ಹೃದಯದ ಡಾಕ್ಟರಿಗೆ ಬರೆದಿದ್ದೇನೆ ಎಂದು ಎರ್ನಾಕುಳದವರು ಚೀಟಿ ಕೊಟ್ಟಿದ್ದರು. ಆ ಚೀಟಿಯನ್ನು ರಘುರಾಮ ಅಂಗಿಯ ಜೇಬಿನಲ್ಲಿಟ್ಟುಕೊಂಡು ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತಿದ್ದ.

ಜೀಪು ಯುದ್ಧಕಾಲದ್ದು. ಸ್ಟೀರಿಂಗು ಎಡಗಡೆ, ಬಾಗಿಲಿನ ಬದಲು ಟಾರ್ಪಾಲಿನ ಪರದೆ, ಮೈತುಂಬ ತೇಪೆ. ಮಿಲಿಟರಿಯವರು ಹರಾಜು ಹಾಕಿದ್ದನ್ನು ಕೊಂಡು ಮೂರು ವರ್ಷದಿಂದ ಓಡಿಸುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಹಾಗೆ ಅವನಿಗೆ ಅದು ಮುದ್ದು. ಸೈಲೆನ್ಸರು ತುಕ್ಕು ಹಿಡಿದು ತೂತಾಗಿತ್ತು. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಢಂ ಎಂದು ಗುಂಡು ಹಾರಿದಂತಾಗುತ್ತಿತ್ತು. ಮಟ್ಟಾಂಚೇರಿಯ ಗೋದಾಮುಗಳ ಬೀದಿಯಲ್ಲಿ ಮೂಟೆ ಹೊತ್ತವರು ಒಮ್ಮೆ ಮೂಟೆಯನ್ನೇ ಎತ್ತಿಹಾಕಿ ಅವನ ಏಳೇಳು ತಲೆಮಾರನ್ನೂ ನೆನೆದಿದ್ದರು. ಅಬಕಾರಿ ಕಚೇರಿಯಲ್ಲಿ ಕೆಲಸಕ್ಕಿದ್ದ ಈ ಕಾಸರಗೋಡಿನ 'ಸಾರ್' ಮನೆಗೆ ಹೊರಟರೆಂದರೆ ದೋಣಿಕಟ್ಟೆಯವರಿಗೂ ಗೊತ್ತಾಗುತ್ತಿತ್ತು. ಆಗೆಲ್ಲ ಅವನು ನಗುತ್ತಿದ್ದ. ಈಗ ಆ ಢಂ ಎಂಬ ಸದ್ದು ನೆನೆದರೆ ಅವನ ಎದೆಯೇ ನಡುಗುತ್ತಿತ್ತು.

"ಬಸ್ಸಿನಲ್ಲಿ ಹೋಗುವ," ಎಂದಳು ಹೆಂಡತಿ ಪರಮೇಶ್ವರಿ.

"ಬಸ್ಸಿನಲ್ಲಿ ಎಂತ ನೂಕುನುಗ್ಗಲು ಗೊತ್ತುಂಟಾ? ಕಂಡಕ್ಟರ ಕಿವಿಹತ್ತಿರ ಸೀಟಿ ಊದಿದರೆ? ಜೀಪಿನ ಸದ್ದು ನಾನು ಸರಿ ಮಾಡಿಸ್ತೇನೆ."

ಮಟ್ಟಾಂಚೇರಿಯಲ್ಲಿ ಔಸೇಪ್ ಆಶಾನ್ ಎಂಬ ಮೇಸ್ತ್ರಿಯ ಷೆಡ್ಡು. ಆಶಾನ್ ಮಾತು ಕಡಿಮೆ, ಸುತ್ತಿಗೆ ಹೆಚ್ಚು. ಹಳೆಯ ಸೈಲೆನ್ಸರನ್ನು ಕಿತ್ತೆಸೆದು, ಲಾರಿಯೊಂದರ ದಪ್ಪ ಸೈಲೆನ್ಸರು ಕೂಡಿಸಿ, ಎಂಜಿನ್ನಿನಿಂದ ಕೊನೆಯವರೆಗೂ ಹೊಸ ಪೈಪು ಎಳೆದ. ಮೊದಲು ಬದಿಯಲ್ಲಿ, ಹಿಂದಿನ ಚಕ್ರದ ಮುಂದೆ ಉಗುಳುತ್ತಿದ್ದ ಹೊಗೆ ಈಗ ಹಿಂದುಗಡೆ ಹೋಗುವಂತಾಯಿತು. ಪೈಪಿನ ತುದಿ ಜೀಪಿನ ಹಿಂಬದಿಯಿಂದ ಒಂದು ಗೇಣು ಹೊರಗೆ ಚಾಚಿಕೊಂಡಿತ್ತು.

ರಘುರಾಮ ಬಗ್ಗಿ ನೋಡಿದ. ಮಗುವನ್ನು ಹಿಂದಿನಿಂದಲೇ ಎತ್ತಿ ಹತ್ತಿಸಬೇಕು. ಕಾದ ಪೈಪು ಅವಳ ಕಾಲಿಗೆ ತಾಗಿದರೆ? ಚುರ್ರೆಂದು ಸುಟ್ಟು ಬೆಚ್ಚಿಬಿದ್ದರೆ?

"ಆಶಾನೇ, ಇದನ್ನು ಕತ್ತರಿಸಿ ಒಳಗೆ ಸರಿಸಿ."

"ಬೇಡ ಸಾರೇ. ಪೈಪಿನ ಬಾಯಿ ಬಾಡಿಯಿಂದ ಹೊರಗೇ ಇರಬೇಕು. ಅಡಿಯಲ್ಲಿ ನಿಂತರೆ ಹೊಗೆ ಒಳಗೇ ಬರುತ್ತದೆ."

"ಹೊಗೆ ಎಲ್ಲುಂಟು?" ರಘುರಾಮ ಎಂಜಿನ್ನು ಓಡಿಸಿ ತೋರಿಸಿದ. ನಿಜಕ್ಕೂ ಹೊಗೆಯ ಎಳೆ ಕೂಡ ಕಾಣಲಿಲ್ಲ. "ಕಾಲು ಸುಟ್ಟರೆ ನೀವು ಉತ್ತರ ಹೇಳ್ತೀರಾ?"

ಆಶಾನ್ ಬೀಡಿ ಎಸೆದು ಗರಗಸ ತೆಗೆದುಕೊಂಡ. ಕೊಯ್ದು ಮುಗಿಸಿದ ಮೇಲೆ ಒಂದೇ ಮಾತು ಹೇಳಿದ. "ಪರದೆ ಇಳಿಸಬೇಡಿ. ಯಾವ ಬದಿಯದ್ದೂ. ಗಾಳಿ ಆಡುತ್ತಿರಲಿ." ಹೂಂ ಎಂದ ರಘುರಾಮ. ಆದರೆ ಹೊಗೆ ಎಂದಾಗ ಅವನ ಮನಸ್ಸಿಗೆ ಬಂದದ್ದು ಬಟ್ಟೆಗೆ ಹತ್ತುವ ಮಸಿ ಮಾತ್ರ. ಸೀರೆ ಕಪ್ಪಾದರೆ ಒಗೆದರಾಯಿತು.

ಸಂಜೆ ಮನೆಯ ಮುಂದೆ ಜೀಪು ನಿಂತದ್ದು ಪರಮೇಶ್ವರಿಗೆ ಗೊತ್ತೇ ಆಗಲಿಲ್ಲ. ಬಾಗಿಲಲ್ಲಿ ಗಂಡನನ್ನು ಕಂಡು ಕೈಯ ಪಾತ್ರೆ ಬಿಟ್ಟಳು. "ಎಂತ ಇದು, ಭೂತದ ಹಾಗೆ ಬಂದದ್ದು?" ರಘುರಾಮ ಹಿಗ್ಗಿದ. ಬಹಳ ದಿನಗಳ ಮೇಲೆ ಅಂದು ಒಂದಿಷ್ಟು ಗಂಟಲಿಗಿಳಿಯುವಂತೆ ಉಂಡ.

ಬುಧವಾರ ಬೆಳಕು ಹರಿಯುವಾಗ ಹೊರಟರು. ಆಟಿ ತಿಂಗಳು, ಮಳೆಗಾಲದ ನಟ್ಟನಡು. ಕೋಟ್ಟಯಂ ದಾಟುವವರೆಗೆ ತುಂತುರು, ದಾಟಿದ ಮೇಲೆ ಕೊಡದಿಂದ ಸುರಿದಂಥ ಮಳೆ. ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ವಿನೋದಾ ಊರು ಬಂದಾಗಲೆಲ್ಲ ಕೇಳುತ್ತಿದ್ದಳು: "ಎತ್ತಿಯೋ ಅಪ್ಪಾ?" ಮನೆಯಲ್ಲಿ ಕನ್ನಡ ಕೇಳಿ ಮಲಯಾಳದಲ್ಲಿ ಉತ್ತರ ಕೊಡುವ ಹುಡುಗಿ, ತಲುಪಿದೆವಾ ಎಂದು ಅದರ ಅರ್ಥ.

"ಇಲ್ಲ ಮಗಾ, ಇನ್ನೂ ಉಂಟು."

ಅಡೂರಿನಲ್ಲಿ ಪರಮೇಶ್ವರಿ ಪರದೆಗಳನ್ನೆಲ್ಲ ಇಳಿಸಿ ಪಟ್ಟಿ ಬಿಗಿದಳು. ಅಷ್ಟಕ್ಕೇ ಬಿಡದೆ ಸಂದುಗಳಿಗೆ ಹಳೆಯ ಪಂಚೆಯ ತುಂಡುಗಳನ್ನು ತುರುಕಿದಳು. ಜ್ವರ ಬಿಟ್ಟ ಮಗುವಿಗೆ ಗಾಳಿ ತಾಗಬಾರದು ಎಂಬುದು ಅವಳ ತಾಯಿ, ತಾಯಿಯ ತಾಯಿ, ಎಲ್ಲರೂ ಪಾಲಿಸಿಕೊಂಡು ಬಂದ ನಿಯಮ. ಅದರ ಮುಂದೆ ಡಾಕ್ಟರ ಚೀಟಿಯೂ ಎರಡನೆಯದು. ರಘುರಾಮನ ಬದಿಯೊಂದು ಮಾತ್ರ ಕೈತೋರಿಸಲೆಂದು ತೆರೆದಿತ್ತು.

ಅವನಿಗೆ ಆಶಾನ್‌ನ ಮಾತು ನೆನಪಾಯಿತು. "ಹಿಂದಿನದ್ದು ಸ್ವಲ್ಪ ತೆರೆದಿಡು ಮಾರಾಯ್ತಿ. ಹೊಗೆ ಬರ್ತದಂತೆ."

"ಎಲ್ಲುಂಟು ಹೊಗೆ? ನನಗೇನೂ ಕಾಣುದಿಲ್ಲ. ಗಾಳಿ ತಾಗಿ ಜ್ವರ ತಿರುಗಿ ಬಂದರೆ ನೀವು ನೋಡ್ಕೊಳ್ತೀರಾ?"

ತನ್ನದೇ ಮಾತು ತನಗೇ ತಿರುಗಿ ಬಂದಿತ್ತು. ಜ್ವರದ ಹೆದರಿಕೆಯನ್ನು ಅವನು ಎರಡು ತಿಂಗಳು ಕಣ್ಣಾರೆ ಕಂಡವನು, ಹೊಗೆಯದ್ದು ಕಾಣದ್ದು. ಅವನು ಗೇರು ಹಾಕಿದ.

ಕೊಟ್ಟಾರಕ್ಕರ ಬಂದಾಗ ವಿನೋದಾ ಎತ್ತಿಯೋ ಎನ್ನಲಿಲ್ಲ, ತಲೆನೋವು ಎಂದಳು. ಪರಮೇಶ್ವರಿ ಚೀಲದಿಂದ ನಿಂಬೆಹಣ್ಣು ತೆಗೆದು ಉಗುರಿನಿಂದ ಗೀರಿ ಮಗಳ ಕೈಗಿಟ್ಟಳು. "ಗಾಡಿಯಲ್ಲಿ ಕೂತರೆ ಹೀಗೇ. ಮೂಸ್ತಾ ಮಲಗು. ನನಗೂ ತಲೆ ಸಿಡೀತಾ ಉಂಟು, ವಾಕರಿಕೆ ಬೇರೆ." ಅವಳಿಗೆ ಬಸ್ಸು ಹತ್ತಿದರೂ ವಾಕರಿಕೆ, ದೋಣಿ ಹತ್ತಿದರೂ ವಾಕರಿಕೆ. ರಘುರಾಮ ಅದನ್ನು ಎಂದೂ ಲೆಕ್ಕಕ್ಕಿಟ್ಟವನಲ್ಲ.

"ಇಬ್ಬರೂ ನಿದ್ದೆ ಮಾಡಿ," ಎಂದ. "ಎಚ್ಚರಾಗುವಾಗ ತಿರುವನಂತಪುರ."

ರಬ್ಬರು ತೋಟಗಳ ನಡುವೆ ರಸ್ತೆ ಏರಿತು, ಇಳಿಯಿತು. ಜೀಪು ಸದ್ದಿಲ್ಲದೆ ಓಡುತ್ತಿತ್ತು. ಮಳೆ ಟಾರ್ಪಾಲಿನ ಮೇಲೆ ಬೀಳುವುದು ಕೇಳುತ್ತಿತ್ತು, ವೈಪರು ಕಿರುಗುಡುವುದು ಕೇಳುತ್ತಿತ್ತು. ಒಂದು ಸಲವೂ ಢಂ ಎನ್ನಲಿಲ್ಲ. ಅವನಿಗೂ ಹಣೆಯಲ್ಲಿ ಸಣ್ಣಗೆ ಭಾರ. ಊಟ ತಪ್ಪಿದ್ದಕ್ಕೆ ಎಂದುಕೊಂಡ.

ಒಂದು ಇಳಿಜಾರಿನಲ್ಲಿ ಟೊಕ್ ಎಂದಿತು. ಏನೋ ತಗಡಿನ ಮೇಲೆ ಉರುಳಿಕೊಂಡು ಬಂದು ಅವನ ಚಪ್ಪಲಿಗೆ ತಾಗಿ ನಿಂತಿತು. ಬಗ್ಗಿ ನೋಡಿದರೆ ನಿಂಬೆಹಣ್ಣು. ಹಳೆಯ ಸೈಲೆನ್ಸರಾಗಿದ್ದರೆ ತೆಂಗಿನಕಾಯಿ ಬಿದ್ದರೂ ಅವನಿಗೆ ಕೇಳುತ್ತಿರಲಿಲ್ಲ.

"ವಿನೂ, ಹಣ್ಣು ಬಿತ್ತು ನಿನ್ನದು."

ಉತ್ತರವಿಲ್ಲ. ಅವನು ತಿರುಗಿ ನೋಡಿದ. ಮಗುವಿನ ಕೈ ಸೀಟಿನಿಂದ ಕೆಳಗೆ ಜೋತುಬಿದ್ದು ಜೀಪು ಅಲ್ಲಾಡಿದಂತೆ ಅಲ್ಲಾಡುತ್ತಿತ್ತು. ಬಾಯಿ ಅರೆ ತೆರೆದಿತ್ತು. ಅದು ನಿದ್ದೆಯ ಮುಖವಲ್ಲ. ನಿದ್ದೆಯ ಮುಖ ಯಾವುದು ಎಂದು ಎರಡು ತಿಂಗಳು ಹಾಸಿಗೆಯ ಪಕ್ಕ ಕೂತ ಅಪ್ಪನಿಗೆ ಗೊತ್ತಿರುವುದಿಲ್ಲವೇ?

ಹೃದಯ. ಹೃದಯವೇ ನಿಲ್ಲುತ್ತಿದೆ. ಅವನು ಮಾಡಿದ್ದು ಯಾವ ಅಪ್ಪನಾದರೂ ಮಾಡುವುದನ್ನೇ: ಆಕ್ಸಿಲರೇಟರನ್ನು ಕೊನೆಯವರೆಗೂ ಒತ್ತಿದ. ಇನ್ನು ಇಪ್ಪತ್ತೆಂಟು ಮೈಲಿ. ಮಳೆಗೆ ರಸ್ತೆ ಕಾಣುತ್ತಿರಲಿಲ್ಲ, ತಿರುವಿನಲ್ಲಿ ಚಕ್ರ ಜಾರಿತು, ಎದುರಿನ ಲಾರಿಯವ ಬೈದುಕೊಂಡು ಹೋದ. ಅನಂತಪದ್ಮನಾಭಾ, ನಿನ್ನ ಊರಿಗೇ ಬರುತ್ತಿದ್ದೇನೆ, ಇಪ್ಪತ್ತೆಂಟು ಮೈಲಿ ಅವಳನ್ನು ಕಾಪಾಡು.

"ಪರಮೇಶ್ವರೀ! ಮಗುವಿನ ಎದೆ ಉಜ್ಜು! ಕೇಳ್ತಾ?"

ಅವಳು ಮಾತಾಡಲಿಲ್ಲ.

"ಪರಮೇಶ್ವರೀ!"

ಅವಳ ತಲೆ ಟಾರ್ಪಾಲಿನ ಕಂಬಿಗೆ ಒರಗಿ ಟಕ್ ಟಕ್ ಎಂದು ಬಡಿಯುತ್ತಿತ್ತು, ಅವಳು ಅದನ್ನು ಸರಿಸಿಕೊಳ್ಳುತ್ತಿರಲಿಲ್ಲ. ಮಗುವಿನ ಹೃದಯ ದುರ್ಬಲ, ಸರಿ. ಇವಳ ಹೃದಯಕ್ಕೆ ಏನಾಗಿದೆ? ಏನೂ ಆಗಿಲ್ಲ! ನಾಲ್ಕು ಕೊಡ ನೀರು ಒಂದೇ ಉಸಿರಿಗೆ ಸೇದುವ ಹೆಂಗಸು. ಇಬ್ಬರನ್ನೂ ಒಟ್ಟಿಗೆ ಮಲಗಿಸಿದ್ದು ಹೃದಯವಲ್ಲ.

ಪರದೆ ಇಳಿಸಬೇಡಿ. ಯಾವ ಬದಿಯದ್ದೂ.

ಆಸ್ಪತ್ರೆಗೆ ಓಡಿಸುತ್ತಿದ್ದೇನೆಂದು ಅವನು ತಿಳಿದಿದ್ದ. ಕಾಲಿನಿಂದ ಒತ್ತಿ ಒತ್ತಿ ಆ ಕಾಣದ ಹೊಗೆಯನ್ನು ಇನ್ನಷ್ಟು ಅವರ ಮೂಗಿಗೆ ತುಂಬುತ್ತಿದ್ದ.

ಬ್ರೇಕು ಹಾಕಿ ಎಂಜಿನ್ನು ನಿಲ್ಲಿಸಿ ಧುಮುಕಿದ. ಪರದೆಯ ಪಟ್ಟಿಗಳು ಮಳೆಗೆ ಊದಿ ಬಿಗಿದಿದ್ದವು, ಬೆರಳಿಗೆ ಒಂದೂ ಬಗ್ಗಲಿಲ್ಲ. ಮುಂದಿನ ಸೀಟಿನಡಿ ಕಚೇರಿಯ ಚೂರಿಯಿತ್ತು, ಹೊಗೆಸೊಪ್ಪಿನ ಮೂಟೆ ಸೀಳಿ ನೋಡುವಂಥದ್ದು. ಅದನ್ನು ತಂದು ಹಿಂದಿನ ಪರದೆಯನ್ನು ಮೇಲಿನಿಂದ ಕೆಳಗೆ ಸೀಳಿದ, ಮತ್ತೆ ಸೀಳಿದ. ಮಗುವನ್ನು ಎಳೆದು ರಸ್ತೆಬದಿಯ ಹುಲ್ಲಿನ ಮೇಲೆ ಮಲಗಿಸಿದ. ಹೆಂಡತಿಯನ್ನು ಕಂಕುಳಿಗೆ ಕೈಹಾಕಿ ಇಳಿಸಿದ. ಅವಳು ಮಣ್ಣಿಗೆ ಬೀಳುತ್ತಲೇ ನರಳಿದಳು. ಮಗು ನರಳಲಿಲ್ಲ.

ಮಳೆ ಮಗುವಿನ ಮುಖಕ್ಕೆ ಹೊಡೆಯುತ್ತಿತ್ತು. ಗಾಳಿ ಬೀಸುತ್ತಿತ್ತು. ಅವಳಿಗೆ ತಾಗಬಾರದ್ದೆಲ್ಲ ತಾಗುತ್ತಿತ್ತು.

"ವಿನೂ! ವಿನೂ!" ಅವನು ಕಿವಿಯಲ್ಲಿ ಅರಚಿದ. ಕೆನ್ನೆಗೆ ಹೊಡೆದ. ಹಿಡಿದು ಕುಲುಕಿದ. ಆಮೇಲೆ ಏನು ತೋಚಿತೋ, ಜೀಪಿಗೆ ಓಡಿ ಹಾರ್ನು ಒತ್ತಿ ಹಿಡಿದ. ಮಿಲಿಟರಿ ಹಾರ್ನು, ಸತ್ತವರನ್ನು ಎಬ್ಬಿಸುವಂಥದ್ದು. ಬೆಚ್ಚಿಬೀಳು, ನನ್ನ ತಾಯೇ, ಒಂದು ಸಲ ಬೆಚ್ಚಿಬೀಳು ಎಂದು ಅಳುತ್ತಾ ಒತ್ತಿದ.

ಹುಲ್ಲಿನ ಮೇಲೆ ಆ ಸಣ್ಣ ಮೈ ಬೆಚ್ಚಿ ಅದುರಿತು. ಕೈಗಳೆರಡೂ ಮೇಲೆದ್ದವು. ವಿನೋದಾ ಉದ್ದಕ್ಕೆ ಉಸಿರೆಳೆದು, ಕೆಮ್ಮಿ, ದೊಡ್ಡ ದನಿಯಲ್ಲಿ ಅಳತೊಡಗಿದಳು.

ಪರಮೇಶ್ವರಿ ಎರಡು ಸಲ ವಾಂತಿ ಮಾಡಿಕೊಂಡಳು. ಕಣ್ಣು ಬಿಟ್ಟು ಮಗುವನ್ನು ಕಂಡಳು, ಸೀಳಿದ ಪರದೆಯನ್ನು ಕಂಡಳು. ತೊದಲುತ್ತಲೇ ಸೆರಗು ಎಳೆದು ಮಗುವಿಗೆ ಹೊದಿಸಲು ಹೋದಳು. "ನಿಮಗೆ ಬುದ್ಧಿ ಉಂಟಾ? ಮಗುವಿಗೆ ಗಾಳಿ ತಾಗುದಿಲ್ವಾ?"

"ತಾಗಲಿ," ಎಂದ ರಘುರಾಮ. ಅವಳ ಪಕ್ಕ ಕೆಸರಿನಲ್ಲಿ ಕೂತುಬಿಟ್ಟ. "ಪೈಪು ಕೊಯ್ಯಿಸಿದ್ದು ನಾನು. ಆಶಾನ್ ಬೇಡ ಎಂದಿದ್ದ. ನಾನೇ ಕೊಯ್ಯಿಸಿದ್ದು."

ಅವಳಿಗೆ ಎಷ್ಟು ಅರ್ಥವಾಯಿತೋ, ಹೊದಿಸುತ್ತಿದ್ದ ಸೆರಗನ್ನು ಮೆಲ್ಲನೆ ಹಿಂದಕ್ಕೆ ತೆಗೆದಳು.

ಉಳಿದ ದಾರಿಯನ್ನು ಎಲ್ಲ ಪರದೆ ಕಿತ್ತು, ಮೂವರೂ ಮುಂದೆಯೇ ಒತ್ತಿ ಕೂತು, ತೋಯುತ್ತಾ ಕಳೆದರು. ವಿನೋದಾ ಎತ್ತಿಯೋ ಎಂದಾಗಲೆಲ್ಲ ಅವನು ಉತ್ತರ ಕೊಟ್ಟ. ಅವಳು ಸ್ವಲ್ಪ ಹೊತ್ತು ಸುಮ್ಮನಾದರೆ ಜೀಪು ನಿಲ್ಲಿಸಿ, ಕೇಳು ಮಗಾ, ಇನ್ನೊಮ್ಮೆ ಕೇಳು ಎಂದ.

ಮರುದಿನ ತಿರುವನಂತಪುರದ ದೊಡ್ಡ ಡಾಕ್ಟರು ಅವಳ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಹೃದಯದಲ್ಲಿ ಸಣ್ಣ ಸದ್ದು ಇದೆ, ಔಷಧಿಗೆ ಹತೋಟಿಗೆ ಬರುತ್ತದೆ, ಹೆದರಬೇಡಿ ಎಂದರು. ಆಮೇಲೆ ಕಾಗದದ ಮೇಲೆ ಬರೆಯುತ್ತಾ, ತಲೆಯೆತ್ತದೆ ಕೇಳಿದರು: "ಇತ್ತೀಚೆಗೆ ಮಗು ಯಾವಾಗಲಾದರೂ ಬೆಚ್ಚಿಬಿದ್ದದ್ದು ಇದೆಯೇ?"

"ಇದೆ ಸಾರ್," ಎಂದ ರಘುರಾಮ. "ನಿನ್ನೆ. ಒಂದು ಸಲ."

ಮುಂದೆ ಹೇಳಲು ಹೋದ, ಆಗಲಿಲ್ಲ. ಕಚೇರಿಯಲ್ಲಿ ವ್ಯಾಪಾರಿಗಳನ್ನು ಗದರಿಸುವ ಆ ಗಂಡಸು ಅಪರಿಚಿತ ಡಾಕ್ಟರ ಮೇಜಿನ ಮುಂದೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ವಿನೋದಾ ಅವನ ಅಂಗಿ ಹಿಡಿದು ಎಳೆಯುತ್ತಿದ್ದಳು.