ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ

ಓಣಿಯ ಹೊಸ ಗ್ರಂಥಾಲಯ ಕಟ್ಟಿದ ಮೇಸ್ತ್ರಿಗೆ ಟೇಪು ಹಿಡಿಯುವುದೆಂದರೆ ಅವಮಾನ. ಒಂದು ಕಣ್ಣು ಮುಚ್ಚಿ ನೋಡಿದನೆಂದರೆ ಗೋಡೆ ಎಷ್ಟು ವಾಲಿದೆ ಎಂದು ಹೇಳಿಬಿಡುತ್ತಿದ್ದ. ಎಲ್ಲರೂ ಅವನನ್ನು ಕಣ್ಣಳತೆ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕರೆಯುವವರಿಗೆ ಅದು ತಮಾಷೆ, ಅವನಿಗೆ ಬಿರುದು.

ತಿಂಗಳ ಹಿಂದೆ ಬಾಗಿಲು ತೆರೆದ ಅದೇ ಗ್ರಂಥಾಲಯದಲ್ಲಿ ಅವನ ನಾದಿನಿಗೆ ಕೆಲಸ ಸಿಕ್ಕಿತು. ಹೆಂಡತಿಯ ತಂಗಿ ಅವಳು. ಚಿಕ್ಕಂದಿನಿಂದ ಗಾಲಿಕುರ್ಚಿಯಲ್ಲೇ ಓಡಾಟ, ಮಾತು ಮಾತ್ರ ಎಲ್ಲರಿಗಿಂತ ಎರಡು ಹೆಜ್ಜೆ ಮುಂದೆ. ಐದು ವರ್ಷ ಅರ್ಜಿ ಹಾಕಿ ಹಾಕಿ ಸಿಕ್ಕ ಮೊದಲ ಕೆಲಸ. ಹದಿನೈದು ದಿನದೊಳಗೆ ಹಾಜರಾಗದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದು ಪತ್ರದಲ್ಲಿ ಬರೆದಿತ್ತು. ಭಾನುವಾರ ಬೆಳಿಗ್ಗೆ ಜಾಗ ನೋಡಿ ಬರೋಣವೆಂದು ಅವಳು ಭಾವನನ್ನು ಹೊರಡಿಸಿದಳು.

"ನೋಡು, ಮೆಟ್ಟಿಲ ಪಕ್ಕ ಎಂಥಾ ಇಳಿಜಾರು ಹಾಕಿದ್ದೀನಿ. ಬೈಕು ಸಲೀಸಾಗಿ ಹತ್ತುತ್ತೆ," ಎಂದ ಮೇಸ್ತ್ರಿ.

"ಬೈಕಿಗೆ ಇಂಜಿನ್ ಇದೆ ಭಾವ," ಎನ್ನುತ್ತಾ ಅವಳು ಗಾಲಿಗಳಿಗೆ ಕೈ ಹಾಕಿದಳು.

ಮೂರನೇ ಸಲ ತಳ್ಳಿದಾಗ ಮುಂದಿನ ಪುಟ್ಟ ಚಕ್ರಗಳು ನೆಲ ಬಿಟ್ಟವು. ಕುರ್ಚಿ ಹಿಂದಕ್ಕೆ ಜಾರಿತು. ಮೇಸ್ತ್ರಿ ಓಡಿ ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದಳು.

"ಹೋಗಲಿ ಬಿಡು, ನಾಲ್ಕು ಜನ ಸೇರಿ ಎತ್ಕೊಂಡು ಹೋಗ್ತೀವಿ."

"ದಿನಾ ಎತ್ತೋಕೆ ಯಾರು ಬರ್ತಾರೆ? ನಾನು ಬರ್ತಿರೋದು ಕೆಲಸಕ್ಕೆ ಭಾವ, ಮೆರವಣಿಗೆಗಲ್ಲ."

ಮೇಸ್ತ್ರಿ ಪೆಚ್ಚಾದ. ಆದರೆ ನಾಚಿಕೆಗಿಂತ ಕುತೂಹಲವೇ ಅವನನ್ನು ಹೆಚ್ಚು ಕೊರೆಯಿತು. ತನ್ನ ಕಣ್ಣು ಎಲ್ಲಿ ತಪ್ಪಿತು? ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ಕುರ್ಚಿಯಲ್ಲಿ ತಾನೇ ಕೂತ. ಸಿಮೆಂಟ್ ಮೂಟೆ ಹೊತ್ತು ಗಟ್ಟಿಯಾದ ತೋಳು ಅರ್ಧ ದಾರಿಗೇ ಸೋತುಹೋಯಿತು.

"ಇಲ್ಲಿಂದ ನೋಡಿದ್ರೆ ಗೋಡೆ ಥರ ಕಾಣುತ್ತಲ್ಲೇ."

"ನೀವು ನಿಂತು ಅಳೆದಿದ್ದೀರ, ಕೂತು ಅಳೆದಿಲ್ಲ. ನಕ್ಷೆಯಲ್ಲಿ ಏನಿತ್ತು?"

ಮೇಸ್ತ್ರಿ ತಲೆ ಕೆರೆದುಕೊಂಡ. ನಕ್ಷೆ ಅವನ ಚೀಲದಲ್ಲೇ ಇತ್ತು, ಊಟದ ಡಬ್ಬಿಗೆ ಸುತ್ತಿಕೊಂಡು. ಎಣ್ಣೆ ಕಲೆಗಳ ನಡುವೆ ಇಳಿಜಾರು ಗೋಡೆಗುಂಟ ಹದಿನೈದು ಅಡಿ ಹೋಗಿ, ತಿರುಗಿ ಮತ್ತೆ ಹದಿನೈದು ಅಡಿ ಬಂದಿತ್ತು.

"ಎರಡೂವರೆ ಅಡಿ ಹತ್ತೋಕೆ ಮೂವತ್ತು ಅಡಿ ಸುತ್ತೋದಾ, ಆನೆ ಹತ್ತಿಸ್ತಾರಾ ಅಂತ ನಕ್ಕಿದ್ದೆ. ಇಂಜಿನಿಯರ್‌ಗೆ ಲೆಕ್ಕ ತಪ್ಪಿದೆ ಅಂದ್ಕೊಂಡು ನಾನೇ ಹತ್ತು ಅಡಿಗೆ ಇಳಿಸಿದೆ."

"ಅವರ ಲೆಕ್ಕ ಸರಿಯಾಗೇ ಇದೆ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು. ಅದಕ್ಕಿಂತ ಕಡಿದಾದ್ರೆ ಹತ್ತೋಕೆ ಕೈ ಸೋಲುತ್ತೆ, ಇಳಿಯೋವಾಗ ಕುರ್ಚಿ ನಮ್ಮ ಮಾತು ಕೇಳಲ್ಲ."

"ತಿರುವಲ್ಲಿ ಈ ಚೌಕ ಯಾಕೆ?"

"ಉಸಿರು ತಗೊಂಡು ಕುರ್ಚಿ ತಿರುಗಿಸೋಕೆ. ಐದಡಿ ಸಮತಟ್ಟು ಜಾಗ ಬೇಕು."

"ಹಿಡ್ಕೊಳ್ಳೋ ಕಂಬಿ ಎರಡೂ ಕಡೆ ಯಾಕೆ, ಒಂದೇ ಕಡೆ ಸಾಕಲ್ವಾ?"

"ಒಬ್ಬರಿಗೆ ಎಡಗೈ ಗಟ್ಟಿ, ಇನ್ನೊಬ್ಬರಿಗೆ ಬಲಗೈ."

"ಮತ್ತೆ ಮೆಟ್ಟಿಲ ಮುಂದೆ ಈ ಉಬ್ಬು ಚುಕ್ಕಿಯ ಹಾಸುಗಲ್ಲು? ಅಲಂಕಾರಕ್ಕೆ ಅಂದ್ಕೊಂಡು ಬಿಟ್ಟೇಬಿಟ್ಟೆ."

"ಮುಂದೆ ಮೆಟ್ಟಿಲಿದೆ ಅಂತ ಕಣ್ಣು ಕಾಣದವರ ಪಾದಕ್ಕೆ ಗೊತ್ತಾಗೋಕೆ."

ಮೇಸ್ತ್ರಿಗೆ ಈಗ ತಡೆಯಲಾಗಲಿಲ್ಲ. ಖಾಲಿ ಕುರ್ಚಿಯನ್ನು ಮೆಟ್ಟಿಲ ಮೇಲೆ ಎತ್ತಿಕೊಂಡು ಹೋಗಿ ಒಳಗೆಲ್ಲ ಓಡಿಸಿ ನೋಡಿದ. ಹೊಸ್ತಿಲಿಗೆ ತಡೆಯಿತು. ಶೌಚಾಲಯಕ್ಕೆ ಹೇಗೋ ತೂರಿತು, ಆದರೆ ಕುರ್ಚಿ ಒಳಗಿದ್ದರೆ ಬಾಗಿಲು ಮುಚ್ಚುವಂತಿರಲಿಲ್ಲ. ಹೊರಗೆ ಬಂದು ವರದಿ ಒಪ್ಪಿಸಿದ.

"ಆ ಬಾಗಿಲು ಮೂರಡಿ ಅಗಲ ಇರಬೇಕು, ಹೊರಗಡೆ ತೆರೆಯೋ ಹಾಗಿರಬೇಕು. ಒಳಗೆ ಹಿಡ್ಕೊಳ್ಳೋಕೆ ಕಂಬಿ ಬೇಕು," ಎಂದಳು.

"ಹಾಗಾದ್ರೆ ಪರೀಕ್ಷೆ, ಸಂದರ್ಶನ ಅಂತ ಇಷ್ಟು ಕಡೆ ಹೋಗಿದ್ದೀಯಲ್ಲ, ಅಲ್ಲೆಲ್ಲ ಏನ್ ಮಾಡ್ತಿದ್ದೆ?"



"ಹಿಂದಿನ ದಿನದಿಂದ ನೀರು ಕುಡೀತಿರಲಿಲ್ಲ."

ಮೇಸ್ತ್ರಿ ಅವಳ ಪಕ್ಕದ ಮೆಟ್ಟಿಲ ಮೇಲೆ ಕೂತ. ಒಂದೇ ಮನೆಯಲ್ಲಿ ಹತ್ತು ವರ್ಷ ಉಂಡು ಎದ್ದವನು, ಇದೊಂದನ್ನು ಎಂದೂ ಕೇಳಿರಲಿಲ್ಲ.

ಮರುದಿನ ಅವನು ಇಂಜಿನಿಯರ್ ಮುಂದೆ ನಿಂತು ತಪ್ಪು ಒಪ್ಪಿಕೊಂಡ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದ. ಇಂಜಿನಿಯರ್ ತಲೆ ತಗ್ಗಿಸಿದರು. "ನಾನೂ ಬಂದು ನೋಡದೆ ಸಹಿ ಹಾಕ್ದೆ ಮೇಸ್ತ್ರಿ. ಇದು ನಿಯಮದಲ್ಲೇ ಇರೋದು, ದಯೆ ದಾಕ್ಷಿಣ್ಯದ ಮಾತಲ್ಲ. ಇವತ್ತೇ ಒಡೀರಿ."

ತಾನೇ ಕಟ್ಟಿದ್ದನ್ನು ತಾನೇ ಒಡೆಯುವುದು ಮೇಸ್ತ್ರಿಗೆ ನುಂಗಲಾರದ ತುತ್ತು. ಆದರೂ ಒಡೆದ, ಟೇಪು ಹಿಡಿದು ಮತ್ತೆ ಕಟ್ಟಿದ, ಶೌಚಾಲಯದ ಬಾಗಿಲನ್ನೂ ಅಗಲ ಮಾಡಿದ. ನಾದಿನಿ ದಿನ ಬಿಟ್ಟು ದಿನ ಬಂದು ನೋಡುತ್ತಿದ್ದಳು. ಕಂಬಿ ಎತ್ತರವಾಯಿತೆಂದು ಒಮ್ಮೆ ಕೀಳಿಸಿಯೂ ಬಿಟ್ಟಳು. ಮೇಸ್ತ್ರಿ ಗೊಣಗಿಕೊಂಡೇ ಕಿತ್ತ.

ಗಡುವಿನ ಕೊನೆಯ ದಿನ ಅವಳು ಒಬ್ಬಳೇ ಹತ್ತಿದಳು. ತಳ್ಳಿಬಿಡಬಾರದೆಂದು ಮೇಸ್ತ್ರಿ ಕೈ ಹಿಂದೆ ಕಟ್ಟಿಕೊಂಡು ಹಿಂದೆಯೇ ನಡೆದ. ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡಳು, ಹೊಸ್ತಿಲಿಲ್ಲದ ಬಾಗಿಲು ದಾಟಿದಳು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿದಳು. ಆಮೇಲೆ ಒಂದು ದೊಡ್ಡ ಲೋಟ ನೀರು ಕುಡಿದಳು.

ಮಧ್ಯಾಹ್ನದೊಳಗೆ ಅದೇ ಇಳಿಜಾರಿನಲ್ಲಿ ಕೋಲೂರಿಕೊಂಡು ಒಬ್ಬ ಅಜ್ಜ ಬಂದರು. ಕೂಸಿನ ಗಾಡಿ ತಳ್ಳುತ್ತಾ ಒಬ್ಬ ತಾಯಿ ಬಂದಳು. ಮಂಡಿ ನೋವಿನ ಟೀಚರಮ್ಮ ಕಂಬಿ ಹಿಡಿದು ಬಂದರು.

"ಇವರೆಲ್ಲ ಇಷ್ಟು ದಿನ ಎಲ್ಲಿದ್ರು?" ಮೇಸ್ತ್ರಿ ಬೆರಗಾಗಿ ಕೇಳಿದ.

"ಮೆಟ್ಟಿಲ ಕೆಳಗೇ ಇದ್ರು ಭಾವ," ಎಂದಳು ಅವಳು.

ಓದುಗರೇ, ನಿಮ್ಮ ಓಣಿಯ ಶಾಲೆ, ಆಸ್ಪತ್ರೆ, ಮತಗಟ್ಟೆ, ಕಚೇರಿಗಳನ್ನು ಈ ವಾರ ಒಮ್ಮೆ ಅಳೆದು ನೋಡಿ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಇಳಿಜಾರು ಇದೆಯೇ? ಎರಡೂ ಕಡೆ ಕಂಬಿ ಇದೆಯೇ? ಶೌಚಾಲಯದೊಳಗೆ ಗಾಲಿಕುರ್ಚಿ ಹೋಗಿ, ಬಾಗಿಲು ಮುಚ್ಚುತ್ತದೆಯೇ? ಅದನ್ನು ದಿನವೂ ಬಳಸಬೇಕಾದವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಅವರನ್ನೇ ಕೇಳಿ. ಕೊರತೆ ಕಂಡರೆ ಬರೆದು ಅರ್ಜಿ ಕೊಡಿ. ಉತ್ತರ ಬರದಿದ್ದರೆ ಮತ್ತೆ ಹೋಗಿ, ಬರುವವರೆಗೂ ಹೋಗಿ.