ತೆಗೆದದ್ದು ನಲವತ್ತೊಂದು

ತೆಗೆದ ಪುಟ ನಲವತ್ತೊಂದು, ತಪ್ಪು ಸೊನ್ನೆ. ಬೆಳಗಿನ ವರದಿಯ ಈ ಸಾಲನ್ನು ಅವನು ಮೂರನೆಯ ಸಲ ಓದಿದ. ಪಕ್ಕದಲ್ಲಿ ಕಾಫಿ ಕೆನೆಗಟ್ಟಿತ್ತು.

ನಗರದ ಲೈಬ್ರರಿಯ ವೆಬ್‌ಸೈಟು ಯಾರದೋ ಬಾಡಿಗೆ ಸರ್ವರಿನಲ್ಲಿತ್ತು. ಅದರೊಳಗೆ ಹೊತ್ತುಹೊತ್ತಿಗೆ ತಾವಾಗಿ ಏಳುವ ಹನ್ನೆರಡು ಕೆಲಸಗಳನ್ನು, ಅಂದರೆ ಪುಟ್ಟ ಪ್ರೋಗ್ರಾಮುಗಳನ್ನು, ಅವನು ಕಟ್ಟಿದ್ದ. ಒಂದು ಬೆಳಗಿನ ಆರಕ್ಕೆ ಆ ದಿನದ ಬರಹವನ್ನು ಪ್ರಕಟಿಸುತ್ತಿತ್ತು. ಇನ್ನೊಂದು ಪುಸ್ತಕ ಮರಳಿಸದವರಿಗೆ ನಯವಾಗಿ ಪತ್ರ ಕಳಿಸುತ್ತಿತ್ತು. ಸರ್ವರಿನವರು ಒಂದು ಸಲಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ಹಾಗಾಗಿ ಪ್ರತಿಯೊಂದೂ ನಿಂತ ಜಾಗವನ್ನು ನೆನಪಿಟ್ಟುಕೊಂಡು ಮಲಗುತ್ತಿತ್ತು, ಎದ್ದಾಗ ಅಲ್ಲಿಂದಲೇ ಮುಂದುವರಿಯುತ್ತಿತ್ತು. ಅಪ್ಪಿತಪ್ಪಿ ಎರಡು ಸಲ ಎದ್ದರೂ ಮಾಡಿದ್ದನ್ನೇ ಮತ್ತೆ ಮಾಡುತ್ತಿರಲಿಲ್ಲ. ಮನುಷ್ಯರಿಗೂ ಈ ಬುದ್ಧಿ ಇಲ್ಲವೆಂದು ಅವನು ಒಳಗೊಳಗೇ ಬೀಗುತ್ತಿದ್ದ. ಸೂರ್ಯನನ್ನು ಎಬ್ಬಿಸುವವನು ಎಲ್ಲಿಯೂ ಸಹಿ ಹಾಕುವುದಿಲ್ಲವಲ್ಲ. ತನ್ನದೂ ಅದೇ ಬಗೆಯ ಕೆಲಸ. ಇದನ್ನು ಯಾರ ಮುಂದೆಯೂ ಆಡಿರಲಿಲ್ಲ. ದೇವರು ಕೇಳಿಸಿಕೊಂಡರೆ ನಕ್ಕಾನು.

ಹದಿಮೂರನೆಯದನ್ನು ನಿನ್ನೆ ಕಟ್ಟಿ ಮುಗಿಸಿದ್ದ. ಕೆಲಸ ಬಿಟ್ಟುಹೋದ ಸಿಬ್ಬಂದಿಯ ಪರಿಚಯದ ಪುಟಗಳು ಹಾಗೇ ಉಳಿದು, ಓದುಗರು ನಿವೃತ್ತರಿಗೆಲ್ಲ ಪತ್ರ ಬರೆಯುತ್ತಿದ್ದಾರೆಂದು ಲೈಬ್ರರಿಯ ಮುಖ್ಯಸ್ಥೆ ದೂರಿದ್ದರು. ವರ್ಷವಿಡೀ ತಮ್ಮ ಹೆಸರಿನಲ್ಲಿ ಲಾಗಿನ್ ಆಗಿ ಒಳಗೆ ಬರದವರ ಪುಟವನ್ನು ಈ ಹೊಸ ಕೆಲಸ ತೆಗೆದುಹಾಕುತ್ತದೆ. ನಲವತ್ತೊಂದು. ಅವನ ಎದೆ ಉಬ್ಬಿತು.

ಹನ್ನೊಂದಕ್ಕೆ ಟೀಚರ ನಂಬರಿನಿಂದ ಮಗಳ ಫೋನು. ಅಪ್ಪ ಅಮ್ಮನ ಕೆಲಸವನ್ನು ತರಗತಿಗೆ ತೋರಿಸುವ ದಿನ ಇವತ್ತು.

“ಅಪ್ಪ, ನೀನು ಇಲ್ಲ.”

“ಎಲ್ಲಿ?”

“ಲೈಬ್ರರಿ ವೆಬ್‌ಸೈಟಲ್ಲಿ. ಪುಸ್ತಕದ ವ್ಯಾನ್ ಓಡಿಸೋ ಮಾಮ ಇದ್ದಾರೆ. ನೀನಿಲ್ಲ. ನಾನು ಸುಳ್ಳು ಹೇಳ್ತೀನಂತೆ.”

ನಾಳೆ ಇನ್ನೊಂದು ಅವಕಾಶ ಕೊಡುತ್ತಾರಂತೆ. ಏನಾದರೂ ತಂದು ತೋರಿಸಬೇಕಂತೆ. ಅಷ್ಟು ಹೇಳಿ ಅವಳು ಫೋನಿಟ್ಟಳು.

ಅವನು ಹುಡುಕಿದ. ಇರಲಿಲ್ಲ. ಕಾರಣ ಹೊಳೆಯಲು ಗಳಿಗೆ ಸಾಕಾಯಿತು. ದಿನವೂ ಅವನು ಒಳಹೋಗುತ್ತಿದ್ದದ್ದು ಆ ಕೆಲಸಗಳಿಗೆಂದೇ ತೆರೆದ ಖಾತೆಯಿಂದ. ಸ್ವಂತ ಹೆಸರಿನಲ್ಲಿ ಹೋಗಿ ಎರಡು ವರ್ಷವಾಗಿತ್ತು. ಮೊದಲು ಬಂದದ್ದು ದುಃಖವಲ್ಲ, ಹೆಮ್ಮೆ. ಕಟ್ಟಿದವನನ್ನೂ ಅದು ಬಿಟ್ಟಿಲ್ಲ.

ಬಹುಮಾನ ಬಂದವನ ಹಾಗೆ ಮುಖ್ಯಸ್ಥೆಯ ಕೋಣೆಗೆ ಹೋಗಿ ಹೇಳಿದ. ಅಲ್ಲೇ ನಿಂತಿದ್ದ ವ್ಯಾನಿನ ಚಾಲಕ, ಪ್ರತಿ ಶನಿವಾರ ಲಾಗಿನ್ ಆಗಿ ತನ್ನ ವ್ಯಾನಿನ ಫೋಟೋ ಹಾಕುವವನು, ಮೆಲ್ಲಗೆ ಕೇಳಿದ: “ಏನ್ ಸಾರ್, ನಿಮ್ಮ ಪೊರಕೆ ನಿಮ್ಮನ್ನೇ ಗುಡಿಸಿ ಹಾಕ್ತಾ?”

“ನಿಮ್ಮದೊಂದು ಬಿಟ್ಟುಬಿಡೋ ಹಾಗೆ ಒಂದು ಸಾಲು ಸೇರಿಸಿ. ಎರಡು ನಿಮಿಷದ ಕೆಲಸ,” ಎಂದರು ಮುಖ್ಯಸ್ಥೆ.

“ಸೇರಿಸಬಹುದು.”

“ಮತ್ತೆ?”

“ಆಮೇಲೆ ಅದು ಸರಿ ಇರಲ್ಲ ಮೇಡಂ.”

ಅವರು ಕಡತ ತೆರೆದರು.

ನಿಜಕ್ಕೂ ಆ ಸಾಲು ಬೇಕಿರಲಿಲ್ಲ. ಒಂದು ಸಲ ತನ್ನ ಹೆಸರಿನಲ್ಲಿ ಒಳಹೋದರೆ ಪುಟ ತಾನಾಗಿ ಮರಳುವಂತೆ ಅವನೇ ಬರೆದಿದ್ದ. ಎಲ್ಲರೂ ಊಟಕ್ಕೆ ಎದ್ದುಹೋದ ಮೇಲೆ ತನ್ನ ಹೆಸರು ಟೈಪ್ ಮಾಡಿದ. ಪಾಸ್‌ವರ್ಡ್ ನೆನಪಾಗಲಿಲ್ಲ. ಕೆಲಸಗಳ ಖಾತೆಯದು ಬಾಯಿಪಾಠವಿತ್ತು, ತನ್ನದೇ ಮರೆತಿತ್ತು. ಹೊಸದು ಬೇಕೇ ಎಂದು ಪರದೆ ಕೇಳಿತು. ಕಾಣಿಸಿಕೊಳ್ಳಲೆಂದೇ ಒಳಹೋಗಿ ಬಂದರೆ ಇದ್ದಂತಾಯಿತೇ? ಅವನು ಪರದೆ ಮುಚ್ಚಿದ.

ಸಂಜೆ ವರದಿಯ ಪ್ರಿಂಟ್ ತೆಗೆದು ಮನೆಗೆ ತಂದ. ಊಟದ ಮೇಜಿನ ಮೇಲೆ ಹರಡಿ, ಯಾರೂ ಎಬ್ಬಿಸದೆ ಏಳುವ, ಯಾರ ಮುಖವನ್ನೂ ನೋಡದೆ ನಡೆಯುವ ಆ ಕೆಲಸದ ಬಗ್ಗೆ ಮಗಳಿಗೆ ಕತೆಯಂತೆ ಹೇಳಿದ. ಇಷ್ಟು ಚೆನ್ನಾಗಿ ಅವನು ಎಂದೂ ಮಾತಾಡಿರಲಿಲ್ಲ. ಅವಳು ಹಾಳೆಯ ಮೇಲೆ ಬೆರಳಾಡಿಸಿದಳು.

“ಇದರಲ್ಲಿ ನಿನ್ನ ಹೆಸರೆಲ್ಲಿ?”

“ನಲವತ್ತೊಂದು ಅಂತಿದೆ ನೋಡು. ಅದರಲ್ಲಿ ಒಬ್ಬ ನಾನು.”

“ಎಷ್ಟನೆಯವನು?”

ವರದಿ ಅದನ್ನು ಹೇಳುವಂತೆ ಅವನು ಬರೆದಿರಲಿಲ್ಲ.

ಅವಳು ನೋಟ್‌ಬುಕ್ಕಿಗೆ ಗೋಂದು ಹಚ್ಚಿ ಹಾಳೆಯನ್ನು ಅಂಟಿಸಿದಳು. ಮೂಲೆಗಳು ಏಳುತ್ತಿದ್ದವು. “ಒಣಗೋವರೆಗೂ ಒತ್ತಿ ಹಿಡ್ಕೋ ಅಪ್ಪ,” ಎಂದು ಹೇಳಿ ಒಳಗೆ ಅಮ್ಮನ ಹತ್ತಿರ ಹೋದಳು.

ಅವನು ಎರಡೂ ಅಂಗೈಗಳಿಂದ ಒತ್ತಿ ಹಿಡಿದು ನೆಟ್ಟಗೆ ಕುಳಿತ. ಗೋಡೆಯಾಚೆ ತಾಯಿ ಮಗಳು ಯಾವುದಕ್ಕೋ ನಗುತ್ತಿದ್ದರು. ಗೋಂದು ಒಣಗಿತು. ಯಾರೂ ಬಂದು ಸಾಕು ಎನ್ನಲಿಲ್ಲ. ಅಕ್ಷರವೊಂದೂ ಕಾಣದಂತೆ ಅಂಗೈ ಹರಡಿಕೊಂಡು ಅವನು ಒತ್ತಿ ಹಿಡಿದೇ ಇದ್ದ. ಒಂದು ಮೂಲೆಯೂ ಮೇಲೇಳಲು ಬಿಡಲಿಲ್ಲ.